ಕಡಿಮೆ ಆಳದ ನೀರಿನಲ್ಲಿ ಹಡಗು ಕೆಳಗೆ ಕೂರುತ್ತಿದೆಯೇ? ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಬ್ರಿಡ್ಜ್ (ಹಡಗು ನಡೆಸುವ ಕೊಠಡಿ) ಮೇಲೆ ಕಾವಲು ನಿಲ್ಲುವ ಹೊಸ ಆಫೀಸರ್‌ಗಳಿಗೆ, ಕೆಡೆಟ್‌ಗಳಿಗೆ ಇದನ್ನು ಬರೆದಿದ್ದೇನೆ. ಬಾರ್ಜ್, ಡ್ರೆಜರ್ ಓಡಿಸುವವರಿಗೂ ಉಪಯೋಗವಾದೀತು. ಕರಾವಳಿಯ ಎಷ್ಟೋ ಮನೆಗಳ ಹುಡುಗರು, ಈಗೀಗ ಹುಡುಗಿಯರೂ, ಹಡಗಿನ ಕೆಲಸದಲ್ಲಿದ್ದಾರೆ. ಈ ವಿಷಯ ಮಾತ್ರ ಕನ್ನಡದಲ್ಲಿ ಸಿಗುವುದು ಅಪರೂಪ.

ಒಂದು ಹಡಗು ಜೆಟ್ಟಿಯಲ್ಲಿ ಕಟ್ಟಿ ನಿಂತಾಗ ಅದರ ಡ್ರಾಫ್ಟ್, ಅಂದರೆ ನೀರಿನೊಳಗೆ ಮುಳುಗಿದ ಆಳ, 12 ಮೀಟರ್ ಎಂದುಕೊಳ್ಳಿ. ಅದೇ ಹಡಗು ಹೊರಟು 14 ಮೀಟರ್ ಆಳದ ನೀರಿನಲ್ಲಿ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ವೇಗ ಹಿಡಿದರೆ ಸುಮಾರು 12.8 ಮೀಟರ್ ತನಕ ಕೆಳಗೆ ಹೋಗಿರುತ್ತದೆ. ಸರಕು ಒಂದು ಕಿಲೋ ಕೂಡ ಹೆಚ್ಚಾಗಿಲ್ಲ, ಎಲ್ಲೂ ನೀರು ಒಳಗೆ ಬಂದಿಲ್ಲ. ಹೀಗೆ ವೇಗದಿಂದ ಕೆಳಗೆ ಕೂರುವುದಕ್ಕೆ ಹಡಗಿನವರು ಸ್ಕ್ವಾಟ್ ಎನ್ನುತ್ತಾರೆ.

ಕಾರಣ ಸರಳ. ಹಡಗು ಮುಂದೆ ಹೋಗಬೇಕಾದರೆ ಎದುರಿನ ನೀರು ಹಿಂದಕ್ಕೆ ಸರಿಯಬೇಕು. ಆಳ ಸಮುದ್ರದಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇದೆ. ಕಡಿಮೆ ಆಳದಲ್ಲಿ ಹಡಗಿನ ತಳಕ್ಕೂ ನೆಲಕ್ಕೂ ನಡುವೆ ಒಂದೆರಡು ಮೀಟರ್ ಸಂದಿ ಮಾತ್ರ. ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದಲ್ಲ, ಹಾಗೆ ಆ ಸಂದಿಯಲ್ಲಿ ನೀರು ವೇಗವಾಗಿ ಓಡುತ್ತದೆ. ವೇಗ ಹೆಚ್ಚಾದಲ್ಲಿ ಒತ್ತಡ ಕಡಿಮೆ. ಕೆಳಗಿನಿಂದ ಎತ್ತಿ ಹಿಡಿಯುವ ಒತ್ತಡ ಕಡಿಮೆಯಾದ ಕೂಡಲೇ ಹಡಗು ಕೆಳಗೆ ಕೂರುತ್ತದೆ. ಜೊತೆಗೆ ಮೂತಿಯ ಕಡೆಗೋ ಹಿಂಬದಿಗೋ ವಾಲುತ್ತದೆ.

ಯಾವ ಲಕ್ಷಣ ನೋಡುವ ಮೊದಲೂ ಕೈಯಲ್ಲಿರಬೇಕಾದ ಲೆಕ್ಕ

ಬ್ರಿಟನ್ನಿನ ನೌಕಾ ಎಂಜಿನಿಯರ್ ಬರಾಸ್ ಕೊಟ್ಟ ಸುಲಭ ಸೂತ್ರ ಇದು. ತೆರೆದ ನೀರಿನಲ್ಲಿ ಸ್ಕ್ವಾಟ್ (ಮೀಟರ್‌ಗಳಲ್ಲಿ) = ಬ್ಲಾಕ್ ಕೋಎಫಿಶಿಯಂಟ್ × ವೇಗ × ವೇಗ ÷ 100. ವೇಗ ನಾಟ್‌ಗಳಲ್ಲಿ. ಎರಡೂ ಕಡೆ ದಡ ಹತ್ತಿರ ಇರುವ ಇಕ್ಕಟ್ಟಿನ ಕಾಲುವೆಯಲ್ಲಿ ಇದರ ಎರಡರಷ್ಟು ಎಂದು ಹಿಡಿಯಿರಿ.

ಬ್ಲಾಕ್ ಕೋಎಫಿಶಿಯಂಟ್ ಅಂದರೆ ಹಡಗಿನ ಮುಳುಗಿದ ಭಾಗ ಎಷ್ಟು ತುಂಬಿಕೊಂಡಿದೆ ಎಂಬ ಅಳತೆ. ಉದ್ದ, ಅಗಲ, ಡ್ರಾಫ್ಟ್ ಗುಣಿಸಿದರೆ ಬರುವ ಪೆಟ್ಟಿಗೆಯಲ್ಲಿ ಹಡಗು ಎಷ್ಟು ಪಾಲು ಎಂದು ನೋಡಿದರೆ ಆಯಿತು. ತುಂಬಿದ ಟ್ಯಾಂಕರ್, ಬಲ್ಕ್ ಕ್ಯಾರಿಯರ್‌ಗಳಿಗೆ ಅದು 0.8ಕ್ಕಿಂತ ಮೇಲೆ. ಚೂಪು ಮೈಯ ಕಂಟೇನರ್ ಹಡಗಿಗೆ 0.6ರಿಂದ 0.7ರ ಆಸುಪಾಸು.

32.2 ಮೀಟರ್ ಅಗಲ, 12 ಮೀಟರ್ ಡ್ರಾಫ್ಟ್, 0.84 ಕೋಎಫಿಶಿಯಂಟ್ ಇರುವ ಬಲ್ಕ್ ಕ್ಯಾರಿಯರ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೆಳಗಿನ ಲೆಕ್ಕವೆಲ್ಲ ಇದೇ ಹಡಗಿನದು. ತೆರೆದ ನೀರಿನಲ್ಲಿ 5 ನಾಟ್‌ಗೆ ಸ್ಕ್ವಾಟ್ 0.21 ಮೀಟರ್. 7 ನಾಟ್‌ಗೆ 0.41. 10 ನಾಟ್‌ಗೆ 0.84. 12 ನಾಟ್‌ಗೆ 1.21. 5ರಿಂದ 10ಕ್ಕೆ ಹೋದರೆ ವೇಗ ಎರಡರಷ್ಟು, ಸ್ಕ್ವಾಟ್ ನಾಲ್ಕರಷ್ಟು. ಈ ವರ್ಗದ ಲೆಕ್ಕ ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದ ಹಾಗೆ. ವೇಗವೇ ರೋಗ, ವೇಗವೇ ಮದ್ದು.

ಇಷ್ಟು ಸರಳವಾದ ಸೂತ್ರಕ್ಕೆ ಒಂದು ಮಿತಿ ಇದೆ. ಆಳವನ್ನು ಡ್ರಾಫ್ಟ್‌ನಿಂದ ಭಾಗಿಸಿದರೆ 1.1ರಿಂದ 1.4ರ ಒಳಗೆ ಬರಬೇಕು. ನಮ್ಮ ಹಡಗು 14 ಮೀಟರ್ ನೀರಿನಲ್ಲಿದ್ದರೆ 14 ÷ 12, ಅಂದರೆ ಸುಮಾರು 1.17. ಸರಿ ಹೊಂದುತ್ತದೆ.

ಲಕ್ಷಣ: ಎಂಜಿನ್ ಮೊದಲಿನಷ್ಟೇ ಓಡುತ್ತಿದೆ, ವೇಗ ಮಾತ್ರ ಇಳಿದಿದೆ

ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಇದೇ. ಟೆಲಿಗ್ರಾಫ್ (ಎಂಜಿನ್‌ಗೆ ಆಜ್ಞೆ ಕೊಡುವ ಹಿಡಿ) ಮುಟ್ಟಿಲ್ಲ, ಆದರೂ ಹತ್ತು ನಿಮಿಷದಲ್ಲಿ ಒಂದೂವರೆ ಎರಡು ನಾಟ್ ಹೋಗಿದೆ.

ಖರ್ಚಿಲ್ಲದ ಪರೀಕ್ಷೆ ಮೊದಲು. ಜಿಪಿಎಸ್ ವೇಗ ಮತ್ತು ಲಾಗ್ (ನೀರಿನೊಳಗಿನ ವೇಗ ಅಳೆಯುವ ಉಪಕರಣ) ತೋರಿಸುವ ವೇಗ ಎರಡನ್ನೂ ಪಕ್ಕಪಕ್ಕ ನೋಡಿ. ಜಿಪಿಎಸ್ ವೇಗ ಮಾತ್ರ ಇಳಿದಿದ್ದರೆ ಎದುರು ಸೆಳೆತ ಶುರುವಾಗಿದೆ ಅಷ್ಟೇ. ಎರಡೂ ಒಟ್ಟಿಗೆ ಇಳಿದಿದ್ದರೆ ನೀರೇ ಹಡಗನ್ನು ಹಿಡಿಯುತ್ತಿದೆ. ಇಲ್ಲೊಂದು ಎಚ್ಚರಿಕೆ ಬೇಕು. ಡಾಪ್ಲರ್ ಲಾಗ್ ಕಡಿಮೆ ಆಳಕ್ಕೆ ಬಂದಾಗ ನೀರನ್ನು ಬಿಟ್ಟು ನೆಲವನ್ನು ಹಿಡಿದು ಅಳೆಯಲು ಶುರು ಮಾಡಬಹುದು. ಆಗ ಲಾಗ್ ತೋರಿಸುವುದೂ ನೆಲದ ಮೇಲಿನ ವೇಗವೇ. ಪರದೆಯ ಮೂಲೆಯಲ್ಲಿ ಯಾವ ಮೋಡ್ ಎಂದು ಬರೆದಿರುತ್ತದೆ, ಅದನ್ನು ಓದಿ.

ಆಮೇಲೆ ಎಂಜಿನ್ ಕಂಟ್ರೋಲ್ ರೂಮಿಗೆ ಒಂದು ಫೋನ್ ಮಾಡಿ. ಗವರ್ನರ್ (ಎಂಜಿನ್ ಸುತ್ತುವ ವೇಗ ಕಾಯುವ ಸಾಧನ) ಆರ್‌ಪಿಎಂ ಬಿಡದೆ ಹಿಡಿದಿದ್ದರೆ ಎಂಜಿನ್ ಮೇಲಿನ ಲೋಡ್ ಏರಿರುತ್ತದೆ. ವೇಗ ಇಳಿದು ಲೋಡ್ ಏರಿದೆ ಎಂದರೆ ಕಡಿಮೆ ಆಳದ ಪ್ರಭಾವ ಶುರುವಾಗಿದೆ ಎಂದೇ ತಿಳಿಯಿರಿ. ತಳಕ್ಕೆ ಚಿಪ್ಪು, ಪಾಚಿ ಹಿಡಿದರೂ ವೇಗ ಇಳಿಯುತ್ತದೆ, ಆದರೆ ಅದು ತಿಂಗಳುಗಟ್ಟಲೆ ನಿಧಾನಕ್ಕೆ ಆಗುವಂಥದ್ದು. ಹತ್ತು ನಿಮಿಷದಲ್ಲಿ ಆಗುವುದಿಲ್ಲ.

ಬರಾಸ್ ಅಂದಾಜಿನ ಪ್ರಕಾರ ಆಳ–ಡ್ರಾಫ್ಟ್ ಅನುಪಾತ 1.1ರಿಂದ 1.4ರ ನಡುವೆ ಇದ್ದಾಗ ತೆರೆದ ನೀರಿನಲ್ಲಿ ಶೇ. 30ರವರೆಗೆ ವೇಗ ಹೋಗಬಹುದು. ಇಕ್ಕಟ್ಟಿನ ಕಾಲುವೆಯಲ್ಲಿ ಶೇ. 60ರವರೆಗೂ. ಹೋದ ವೇಗವನ್ನು ಮತ್ತೆ ಗಳಿಸಲು ಎಂಜಿನ್ ಏರಿಸಬೇಡಿ. ಏರಿಸಿದರೆ ಹಡಗು ಇನ್ನಷ್ಟು ಕೂರುತ್ತದೆ, ಸಂದಿ ಇನ್ನಷ್ಟು ಕಿರಿದಾಗುತ್ತದೆ. ವೇಳಾಪಟ್ಟಿ ತಪ್ಪುತ್ತದೆ ಎಂಬ ಒತ್ತಡ ಬರುವುದು ಇಂಥ ಹೊತ್ತಿನಲ್ಲೇ. ಹಾಗೇ ಇರಲಿ ಬಿಡಿ.

ಲಕ್ಷಣ: ಎಕೋ ಸೌಂಡರ್ ಲೆಕ್ಕಕ್ಕಿಂತ ಕಡಿಮೆ ನೀರು ತೋರಿಸುತ್ತಿದೆ

ಎಕೋ ಸೌಂಡರ್ ಅಂದರೆ ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಉಪಕರಣ. ಇಲ್ಲಿ ಸ್ವಲ್ಪ ನಿಧಾನಿಸಿ. ಏಳೆಂಟು ಬೇರೆ ಬೇರೆ ಕಾರಣಗಳು ಇದೇ ಒಂದು ಲಕ್ಷಣದಲ್ಲಿ ಬಂದು ಸೇರುತ್ತವೆ.

ನಮ್ಮ ಉದಾಹರಣೆಯಲ್ಲಿ ಚಾರ್ಟ್ (ಸಮುದ್ರದ ನಕ್ಷೆ) ಹೇಳುವ ಆಳ 12.6 ಮೀಟರ್, ಭರತ 1.4, ಒಟ್ಟು 14 ಮೀಟರ್. ಡ್ರಾಫ್ಟ್ 12 ಕಳೆದರೆ ನಿಂತ ಹಡಗಿನ ಕೆಳಗೆ 2 ಮೀಟರ್ ನೀರು. 10 ನಾಟ್‌ಗೆ ಸ್ಕ್ವಾಟ್ 0.84 ಕಳೆಯಿರಿ. ಸೌಂಡರ್‌ನಲ್ಲಿ ಸುಮಾರು 1.16 ಕಾಣಬೇಕು. ಕಾಣುತ್ತಿರುವುದು 0.6 ಎಂದಿಟ್ಟುಕೊಳ್ಳಿ. ಉಳಿದ ಅರ್ಧ ಮೀಟರ್ ಎಲ್ಲಿ ಹೋಯಿತು?

ಮೊದಲು ಪರದೆ ನೋಡಿ. ಸೌಂಡರ್ ಮೂರು ರೀತಿ ಆಳ ತೋರಿಸಬಲ್ಲದು: ಕೀಲ್ (ಹಡಗಿನ ತಳದ ಅಡಿ) ಕೆಳಗಿನಿಂದ, ಟ್ರಾನ್ಸ್‌ಡ್ಯೂಸರ್ (ತಳದಲ್ಲಿ ಕೂರಿಸಿದ, ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಭಾಗ) ಕೆಳಗಿನಿಂದ, ನೀರಿನ ಮೇಲ್ಮೈಯಿಂದ. ಹಿಂದಿನ ಕಾವಲಿನವರು ಬದಲಾಯಿಸಿರಬಹುದು. ಒಂದು ಬಟನ್ ಒತ್ತಿದರೆ ಗೊತ್ತಾಗುತ್ತದೆ.

ಎರಡನೆಯದು, ಟ್ರಾನ್ಸ್‌ಡ್ಯೂಸರ್ ಎಲ್ಲಿದೆ? ಮೂತಿಯ ಹತ್ತಿರವೋ, ಹಿಂಬದಿಯಲ್ಲೋ? ಹಡಗು ಒಂದು ತುದಿಗೆ ಜಾಸ್ತಿ ಕೂರುತ್ತದೆ. ಟ್ರಾನ್ಸ್‌ಡ್ಯೂಸರ್ ಇನ್ನೊಂದು ತುದಿಯಲ್ಲಿದ್ದರೆ ಪರದೆ ತೋರಿಸುವುದಕ್ಕಿಂತ ಪರಿಸ್ಥಿತಿ ಕೆಟ್ಟದಾಗಿರುತ್ತದೆ. ಎರಡು ಕಡೆಯೂ ಇದ್ದರೆ ಎರಡನ್ನೂ ನೋಡಿ, ಚಿಕ್ಕ ಸಂಖ್ಯೆಯನ್ನು ನಂಬಿ.

ಮೂರನೆಯದು ಭರತ-ಇಳಿತ. ಪಟ್ಟಿಯ ಸಮಯ ಯಾವ ವಲಯದ್ದು? ಯುಟಿಸಿಯೋ, ನಮ್ಮ ಭಾರತೀಯ ಸಮಯವೋ? ಐದೂವರೆ ಗಂಟೆ ತಪ್ಪಿದರೆ ಭರತ ಎಂದುಕೊಂಡದ್ದು ಇಳಿತವಾಗಿರುತ್ತದೆ. ಮಂಗಳೂರಿನ ಕಡೆ ದೊಡ್ಡ ಭರತಕ್ಕೂ ಇಳಿತಕ್ಕೂ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಒಂದೇ ಗಂಟೆ ತಪ್ಪಿದರೂ ಕಾಲು ಮೀಟರ್ ಹೋಗಬಹುದು. ಪಟ್ಟಿ ಹೇಳುವುದು ಬರೀ ಮುನ್ಸೂಚನೆ. ಬಂದರಿನ ಕಂಟ್ರೋಲ್ ರೂಮಿನಲ್ಲಿ ಆ ಕ್ಷಣದ ನಿಜವಾದ ಮಟ್ಟ ಇರುತ್ತದೆ, ವಿಎಚ್‌ಎಫ್‌ನಲ್ಲಿ ಕೇಳಿ.

ನಾಲ್ಕನೆಯದು, ಹಡಗು ವಾಲಿದೆಯೇ? 32.2 ಮೀಟರ್ ಅಗಲದ ಹಡಗು ಬರೀ ಒಂದು ಡಿಗ್ರಿ ಪಕ್ಕಕ್ಕೆ ವಾಲಿದರೆ ಆ ಬದಿಯ ತಳ 0.28 ಮೀಟರ್ ಕೆಳಗೆ ಹೋಗುತ್ತದೆ. ಎರಡು ಡಿಗ್ರಿಗೆ 0.56. ಟ್ರಾನ್ಸ್‌ಡ್ಯೂಸರ್ ಆ ಬದಿಯಲ್ಲಿದ್ದರೆ ಕಾಣೆಯಾದ ಅರ್ಧ ಮೀಟರ್‌ನ ಒಂದು ಪಾಲು ಇಲ್ಲೇ ಸಿಗಬಹುದು. ತಿರುವಿನಲ್ಲಿ ಚುಕ್ಕಾಣಿ ಹಾಕಿದಾಗಲೂ ಹಡಗು ವಾಲುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಐದನೆಯದು ನೀರಿನ ಉಪ್ಪು. ಸಮುದ್ರದಲ್ಲಿ 12 ಮೀಟರ್ ಡ್ರಾಫ್ಟ್ ಇದ್ದ ಹಡಗು ಹೂಗ್ಲಿಯಂಥ ನದಿಯ ಸಿಹಿನೀರಿಗೆ ಬಂದರೆ ಕಾಲು ಮೀಟರ್ ಆಸುಪಾಸು ಮುಳುಗುತ್ತದೆ. ಮಳೆಗಾಲದಲ್ಲಿ ನದಿಬಾಯಿಯ ಬಂದರುಗಳಲ್ಲಿ ನೀರಿನ ಸಾಂದ್ರತೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಬಕೆಟ್‌ನಲ್ಲಿ ನೀರೆತ್ತಿ ಹೈಡ್ರೋಮೀಟರ್ ಹಾಕಲು ಐದು ನಿಮಿಷ ಸಾಕು.

ಆರನೆಯದು ನೆಲ. ಮೆತ್ತನೆ ಕೆಸರಿದ್ದರೆ ಹೆಚ್ಚು ಫ್ರೀಕ್ವೆನ್ಸಿಯ ಸೌಂಡರ್ (200 ಕಿಲೋಹರ್ಟ್ಸ್ ಆಸುಪಾಸು) ಕೆಸರಿನ ಮೇಲ್ಪದರವನ್ನೇ ನೆಲ ಎಂದು ತೋರಿಸುತ್ತದೆ. ಕಡಿಮೆ ಫ್ರೀಕ್ವೆನ್ಸಿ (33 ಕಿಲೋಹರ್ಟ್ಸ್) ಅದರೊಳಗೆ ಇಳಿದು ಗಟ್ಟಿ ನೆಲ ತೋರಿಸುತ್ತದೆ. ಪಣಂಬೂರಿನ ನವಮಂಗಳೂರು ಬಂದರಿನಂತೆ ಹೂಳೆತ್ತಿ ಕಾಯ್ದುಕೊಳ್ಳುವ ಕಾಲುವೆಗಳಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಹೂಳು ತುಂಬಿರುತ್ತದೆ. ಹಾಗಾಗಿ ಚಾರ್ಟ್‌ನ ಆಳ ನೋಡಿ ಸುಮ್ಮನಾಗಬೇಡಿ, ಬಂದರು ಕೊಡುವ ಇತ್ತೀಚಿನ ಆಳದ ಪ್ರಕಟಣೆ ಕೇಳಿ ಪಡೆಯಿರಿ. ಟಗ್‌ನ ಪ್ರೊಪೆಲ್ಲರ್ ಎಬ್ಬಿಸಿದ ಗಾಳಿಗುಳ್ಳೆಗಳೂ ಸುಳ್ಳು ಪ್ರತಿಧ್ವನಿ ಕೊಡುತ್ತವೆ. ಸಂಖ್ಯೆ ಕುಣಿದಾಡುತ್ತಿದ್ದರೆ ಅದರ ಮೇಲೆ ಅನುಮಾನ ಪಡಿ.

ಇವೆಲ್ಲ ಸರಿ ಇವೆ, ಆದರೂ ಕಡಿಮೆ ತೋರಿಸುತ್ತಿದೆಯೇ? ಈಗ ನಿಜವಾದ ಪರೀಕ್ಷೆ. ವೇಗ ಇಳಿಸಿ ನೋಡಿ. ನಮ್ಮ ಹಡಗು 10ರಿಂದ 8 ನಾಟ್‌ಗೆ ಬಂದರೆ ಸ್ಕ್ವಾಟ್ 0.84ರಿಂದ 0.54ಕ್ಕೆ ಇಳಿಯುತ್ತದೆ. 30 ಸೆಂಟಿಮೀಟರ್ ನೀರು ವಾಪಸ್ ಸಿಗಬೇಕು. ಸಿಕ್ಕಿದರೆ ಕಾರಣ ಸ್ಕ್ವಾಟ್. ಸಿಗದಿದ್ದರೆ ನೆಲವೇ ಮೇಲಿದೆ, ಅಥವಾ ಭರತದ ಲೆಕ್ಕ ತಪ್ಪಿದೆ. ಕಾಲುವೆಯ ನೆಲ ಸಮತಟ್ಟಾಗಿರುವ ಕಡೆ ಈ ಪರೀಕ್ಷೆ ಮಾಡಿ, ಇಲ್ಲದಿದ್ದರೆ ನೆಲದ ಏರಿಳಿತವೇ ಉತ್ತರ ಕೆಡಿಸುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪರೀಕ್ಷೆ ಮಾಡುತ್ತಲೇ ಹಡಗು ಸುರಕ್ಷಿತವೂ ಆಗುತ್ತದೆ.

ಡ್ರಾಫ್ಟ್ ಗೇಜ್ ನೋಡಿ ಸ್ಕ್ವಾಟ್ ಅಳೆಯಲು ಹೋಗಬೇಡಿ. ಹೆಚ್ಚಿನ ಗೇಜ್‌ಗಳು ತಳದ ನೀರಿನ ಒತ್ತಡವನ್ನು ಅಳೆದು ಡ್ರಾಫ್ಟ್ ಹೇಳುತ್ತವೆ. ಚಲಿಸುವಾಗ ಕಡಿಮೆಯಾಗುವುದೇ ಆ ಒತ್ತಡ. ಹಡಗು ಕೆಳಗೆ ಕೂತಿರುವಾಗ ಗೇಜ್ ಡ್ರಾಫ್ಟ್ ಕಡಿಮೆಯಾಗಿದೆ ಎಂದು ತೋರಿಸಲೂಬಹುದು.

ಲಕ್ಷಣ: ಚುಕ್ಕಾಣಿಗೆ ಹಡಗು ತಡವಾಗಿ ತಿರುಗುತ್ತಿದೆ

ಚುಕ್ಕಾಣಿ ಹಿಡಿದವನು "ಸರ್, ಹತ್ತು ಡಿಗ್ರಿ ಸಾಲುತ್ತಿಲ್ಲ, ಹದಿನೈದು ಹಾಕಿದ್ದೇನೆ" ಎಂದರೆ ಅವನ ಕೈಚಳಕದ ಮೇಲೆ ಸಂಶಯ ಪಡುವ ಮೊದಲು ಆಳ ನೋಡಿ. ಕಡಿಮೆ ಆಳದಲ್ಲಿ ಹಡಗು ತಿರುಗುವ ವೃತ್ತದ ವ್ಯಾಸ ಎರಡರಷ್ಟೂ ಆಗಬಹುದು. ನಿಲ್ಲಲು ಬೇಕಾದ ದೂರವೂ ಹೆಚ್ಚು.

ಮೊದಲು ಸ್ಟಿಯರಿಂಗ್ ಪಂಪ್ ಎರಡೂ ಓಡುತ್ತಿವೆಯೇ, ಚುಕ್ಕಾಣಿಯ ಸೂಚಕ ಆಜ್ಞೆಗೆ ತಕ್ಕಂತೆ ಚಲಿಸುತ್ತಿದೆಯೇ ನೋಡಿ. ಸೂಚಕ ಸರಿಯಾಗಿ ಬರುತ್ತಿದ್ದು ಹಡಗು ಮಾತ್ರ ತಿರುಗುತ್ತಿಲ್ಲ ಎಂದರೆ ಕಾರಣ ನೀರು. ಸೂಚಕವೇ ಬರುತ್ತಿಲ್ಲ ಎಂದರೆ ಯಂತ್ರದ ದೋಷ. ಅದು ಬೇರೆ ಕಥೆ. ತಕ್ಷಣ ಕ್ಯಾಪ್ಟನ್‌ಗೂ ಎಂಜಿನ್ ರೂಮಿಗೂ ತಿಳಿಸಿ.

ಹಡಗು ತನ್ನಷ್ಟಕ್ಕೆ ಒಂದು ಬದಿಗೆ ಮೂತಿ ತಿರುಗಿಸುತ್ತಿದ್ದರೆ ಪಕ್ಕದ ದಡ ಎಷ್ಟು ಹತ್ತಿರ ಇದೆ ನೋಡಿ. ದಡ ಹತ್ತಿರವಾದಾಗ ಹಿಂಬದಿ ದಡದ ಕಡೆ ಎಳೆಯಲ್ಪಡುತ್ತದೆ, ಮೂತಿ ದಡದಿಂದ ದೂರ ತಳ್ಳಲ್ಪಡುತ್ತದೆ. ಇದಕ್ಕೂ ಸ್ಕ್ವಾಟ್‌ಗೂ ಮೂಲ ಒಂದೇ, ಸಂದಿಯಲ್ಲಿ ಓಡುವ ನೀರು. 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಅಡ್ಡ ಸಿಕ್ಕಿಕೊಂಡ ದಿನ ಗಾಳಿ ಜೋರಾಗಿತ್ತು. ಅಷ್ಟು ದೊಡ್ಡ ಹಡಗು ಅಷ್ಟು ಕಿರಿದಾದ ನೀರಿನಲ್ಲಿ ವೇಗವಾಗಿ ಹೋಗುವಾಗ ದಡದ ಸೆಳೆತ ಎಷ್ಟು ಬಲವಾಗುತ್ತದೆ ಎಂದು ಜಗತ್ತೇ ಆಗ ಚರ್ಚಿಸಿತು.

ತಿರುಗಿಸಲು ಬಲ ಬೇಕೇ ಬೇಕು ಎಂದಾದರೆ ಚುಕ್ಕಾಣಿ ಪೂರ್ತಿ ಹಾಕಿ ಎಂಜಿನ್‌ಗೆ ಕೆಲವೇ ಕ್ಷಣ ಕಿಕ್ ಕೊಡುವುದುಂಟು. ಹಡಗು ವೇಗ ಹಿಡಿಯುವ ಮೊದಲೇ ಅದನ್ನು ಇಳಿಸಬೇಕು. ಇದು ಕ್ಯಾಪ್ಟನ್ ಅಥವಾ ಪೈಲಟ್ (ಬಂದರಿನ ದಾರಿ ತೋರಿಸಲು ಹಡಗು ಹತ್ತುವವರು) ಹೇಳಿ ಮಾಡಿಸುವ ಕೆಲಸ, ಕಾವಲಿನ ಆಫೀಸರ್ ತಾನಾಗಿ ಮಾಡುವಂಥದ್ದಲ್ಲ.

ಲಕ್ಷಣ: ಹಡಗು ಇದ್ದಕ್ಕಿದ್ದಂತೆ ನಡುಗುತ್ತಿದೆ

ಟೇಬಲ್ ಮೇಲಿನ ಚಹಾದ ಲೋಟದಲ್ಲಿ ಸಣ್ಣ ಅಲೆ ಏಳುತ್ತದೆ, ಕಿಟಕಿ ಗಾಜು ಗುಂಯ್‌ಗುಡುತ್ತದೆ. ಮೊದಲು ಆರ್‌ಪಿಎಂ ನೋಡಿ. ದೊಡ್ಡ ಎಂಜಿನ್‌ಗಳಿಗೆ ಓಡಿಸಬಾರದ ಒಂದು ಆರ್‌ಪಿಎಂ ಪಟ್ಟಿ ಇರುತ್ತದೆ, ಟೆಲಿಗ್ರಾಫ್ ಹತ್ತಿರ ಕೆಂಪು ಬಣ್ಣದಲ್ಲಿ ಗುರುತು ಮಾಡಿರುತ್ತಾರೆ. ಮುಳ್ಳು ಅದರೊಳಗೆ ನಿಂತಿದ್ದರೆ ಕಾರಣ ಸಿಕ್ಕಿತು.

ಅದಲ್ಲವಾದರೆ ಕೇಳಿಕೊಳ್ಳಿ: ಇದೇ ಆರ್‌ಪಿಎಂನಲ್ಲಿ ಆಳ ನೀರಿನಲ್ಲಿ ನಡುಕ ಇತ್ತೇ? ಇರಲಿಲ್ಲ ಎಂದಾದರೆ ಕಡಿಮೆ ಆಳದ ಪ್ರಭಾವ. ಹಡಗಿನ ಜೊತೆ ಎಳೆದುಕೊಂಡು ಬರುವ ನೀರಿನ ತೂಕ ಬದಲಾಗಿ, ಮೈಯ ಸಹಜ ಕಂಪನ ಎಂಜಿನ್‌ನ ಕಂಪನಕ್ಕೆ ಹೊಂದಿಕೊಂಡುಬಿಡುತ್ತದೆ. ಜೊತೆಗೆ, ಅಲೆಗಳಲ್ಲಿ ಏಳುತ್ತಾ ಬೀಳುತ್ತಾ ಬಂದ ಹಡಗು ದಿಢೀರನೆ ಶಾಂತವಾಗಿದ್ದರೆ ಅದನ್ನೂ ಗುರುತಾಗಿ ತೆಗೆದುಕೊಳ್ಳಿ. ತಳದ ತೆಳು ನೀರು ಹಡಗಿನ ಹೊರಳಾಟವನ್ನು ಹಿಡಿದು ನಿಲ್ಲಿಸುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಾಧ್ಯತೆ ಯಾವಾಗಲೂ ಇದೆ, ಪ್ರೊಪೆಲ್ಲರ್‌ಗೆ ಮೀನುಬಲೆ ಅಥವಾ ಹಗ್ಗ ಸುತ್ತಿಕೊಂಡಿರುವುದು. ಆ ನಡುಕ ಆಳಕ್ಕೆ ಹೋದರೂ ನಿಲ್ಲುವುದಿಲ್ಲ. ನಡುಕದ ಜೊತೆ ಕೆರೆದ ಸದ್ದು ಬಂದು ವೇಗ ಒಮ್ಮೆಗೇ ಬಿದ್ದರೆ ತಳ ತಾಗಿದೆ ಎಂದೇ ಹಿಡಿದು ಕೊನೆಯ ಭಾಗಕ್ಕೆ ಹೋಗಿ.

ಲಕ್ಷಣ: ಹಿಂದೆ ಕೆಸರು ನೀರು, ಎಂಜಿನ್ ಬಿಸಿ ಏರುತ್ತಿದೆ

ಹಿಂಬದಿಯ ನೀರು ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿದರೆ ನೆಲದ ಹತ್ತಿರ ಇದ್ದೀರಿ. ಕಣ್ಣಿಂದ ನೋಡಿ ಹೇಳಬಹುದಾದ ಅತ್ಯಂತ ಸುಲಭದ ಗುರುತು ಇದು. ಕೆಸರು ತಳದ ಸೀ ಚೆಸ್ಟ್‌ಗೆ (ಸಮುದ್ರದ ನೀರು ಒಳಗೆ ತೆಗೆದುಕೊಳ್ಳುವ ಗೂಡು) ನುಗ್ಗಿ ಸ್ಟ್ರೈನರ್ (ಸೋಸುವ ಜಾಲರಿ) ಕಟ್ಟಿಕೊಂಡರೆ ತಂಪು ನೀರು ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತದೆ. ಕಡಿಮೆ ಆಳಕ್ಕೆ ಬರುವ ಮೊದಲೇ ಕೆಳಗಿನ ಸಕ್ಷನ್ (ನೀರು ಎಳೆಯುವ ಬಾಯಿ) ಮುಚ್ಚಿ ಮೇಲಿನ ಸಕ್ಷನ್‌ಗೆ ಬದಲಾಯಿಸಲು ಎಂಜಿನಿಯರ್‌ಗೆ ನೆನಪಿಸಿ. ಕಾಲುವೆಯ ನಡುವೆ ಎಂಜಿನ್ ತಾನಾಗಿ ನಿಂತರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ?

ಲಕ್ಷಣ: ಮೂತಿಯ ಅಲೆ ದೊಡ್ಡದಾಗಿದೆ, ದಡದ ನೀರು ಇಳಿದು ಮತ್ತೆ ನುಗ್ಗುತ್ತಿದೆ

ಬ್ರಿಡ್ಜ್‌ನ ರೆಕ್ಕೆಗೆ ಹೋಗಿ ಕೆಳಗೆ ನೋಡಿ. ಮೂತಿಯ ಅಲೆ ಎತ್ತರವಾಗಿದ್ದರೆ, ಹಡಗಿನ ಮಧ್ಯದಲ್ಲಿ ನೀರಿನ ಮಟ್ಟ ತಗ್ಗಿದ್ದರೆ ವೇಗ ಜಾಸ್ತಿಯಾಗಿದೆ. ಇದು ನಿಮ್ಮ ಹಡಗಿಗಿಂತ ಬೇರೆಯವರಿಗೆ ಹೆಚ್ಚು ಅಪಾಯ. ಜೆಟ್ಟಿಯಲ್ಲಿ ಕಟ್ಟಿದ ಹಡಗುಗಳು ಹಿಂದೆ ಮುಂದೆ ಎಳೆದಾಡಿ ಹಗ್ಗ ಕಿತ್ತುಕೊಳ್ಳುತ್ತವೆ. ದಡದಲ್ಲಿ ನಿಂತವರ ಕಾಲಬುಡದ ನೀರು ಮೊದಲು ಹಿಂದಕ್ಕೆ ಹೋಗುತ್ತದೆ, ಆಮೇಲೆ ಒಮ್ಮೆಗೇ ನುಗ್ಗುತ್ತದೆ.

ದೊಡ್ಡ ಹಡಗು ಹಾದುಹೋಗುವ ಕಾಲುವೆ ಪಕ್ಕದಲ್ಲಿ ಬಲೆ ಹಾಕುವವರು, ಕಪ್ಪೆಚಿಪ್ಪು ಹೆಕ್ಕುವವರು ಇದನ್ನು ತಿಳಿದಿರಲೇಬೇಕು. ನೀರು ಕಾರಣವಿಲ್ಲದೆ ಇಳಿದರೆ ಕೂಡಲೇ ಎತ್ತರಕ್ಕೆ ಹೋಗಿ. ದೋಣಿಯಲ್ಲಿದ್ದರೆ ಹಡಗಿನಿಂದ ದೂರ ಸರಿಯಿರಿ.

ಇಲ್ಲೇ ಒಂದು ಮಾತು. ಮಲ್ಪೆ, ಗಂಗೊಳ್ಳಿ, ಹಳೆ ಮಂಗಳೂರಿನ ಅಳಿವೆಗಳಲ್ಲಿ ಮೀನುಗಾರಿಕೆ ಬೋಟುಗಳು ತಳ ತಾಗಿಸಿಕೊಳ್ಳುವುದು ಹೆಚ್ಚಾಗಿ ಸ್ಕ್ವಾಟ್‌ನಿಂದಲ್ಲ. ಮರಳುದಿಬ್ಬದ ಮೇಲೆ ಅಲೆಯ ತಗ್ಗಿಗೆ ಬಿದ್ದಾಗ ತಾಗುತ್ತವೆ. ಆ ಸಮಸ್ಯೆಗೆ ಅಲೆಯ ಲೆಕ್ಕ, ಅಳಿವೆಯ ಅನುಭವ ಬೇಕು. ಈ ಕೈಪಿಡಿಯ ಸೂತ್ರ ಅಲ್ಲಿಗೆ ಸಾಲದು.

ಲಕ್ಷಣ: ಒಂದು ತುದಿ ಮಾತ್ರ ಜಾಸ್ತಿ ಕೆಳಗೆ ಹೋಗಿದೆ

ಹಡಗು ಜೆಟ್ಟಿಯಿಂದ ಸಮತಟ್ಟಾಗಿ ಹೊರಟಿದ್ದರೆ ಸಾಮಾನ್ಯ ನಿಯಮ ಹೀಗೆ: ಕೋಎಫಿಶಿಯಂಟ್ 0.7ಕ್ಕಿಂತ ಜಾಸ್ತಿ ಇರುವ ಹಡಗು ಮೂತಿಯ ಕಡೆ ಕೂರುತ್ತದೆ, ಕಡಿಮೆ ಇರುವುದು ಹಿಂಬದಿಗೆ. ಹೊರಡುವಾಗಲೇ ಒಂದು ಕಡೆ ಟ್ರಿಮ್ (ಮೂತಿಗೋ ಹಿಂಬದಿಗೋ ವಾಲುವಿಕೆ) ಇದ್ದರೆ ಆ ಕಡೆಗೇ ಇನ್ನಷ್ಟು ಕೂರುತ್ತದೆ. ತುಂಬಿದ ಟ್ಯಾಂಕರ್ ಮೂತಿ ತಗ್ಗಿಸಿಕೊಂಡು ಕಾಲುವೆಗೆ ಬರುವುದು ಎರಡು ಕಾರಣಕ್ಕೆ ಕೆಟ್ಟದ್ದು: ಮೂತಿಯ ಕೆಳಗೆ ನೀರು ಕಡಿಮೆ, ದಿಕ್ಕು ಹಿಡಿದು ನಡೆಸುವುದೂ ಕಷ್ಟ. ಇದನ್ನು ಲೋಡಿಂಗ್ ಹೊತ್ತಿನಲ್ಲೇ ಸರಿಪಡಿಸಬೇಕು. ಕಾಲುವೆಯೊಳಗೆ ಬಂದ ಮೇಲೆ ಬ್ಯಾಲಸ್ಟ್ (ಸಮತೋಲಕ್ಕೆ ಟ್ಯಾಂಕ್‌ಗಳಲ್ಲಿ ತುಂಬುವ ನೀರು) ಬದಲಾಯಿಸಲು ಸಮಯ ಇರುವುದಿಲ್ಲ.

ಲಕ್ಷಣ: ಎರಡು ಲೆಕ್ಕ, ಎರಡು ಉತ್ತರ

ವೀಲ್‌ಹೌಸ್ ಗೋಡೆಯ ಮೇಲಿನ ಪೋಸ್ಟರ್ ಒಂದು ಹೇಳುತ್ತದೆ, ನಿಮ್ಮ ಕ್ಯಾಲ್ಕುಲೇಟರ್ ಇನ್ನೊಂದು. ಆ ಪೋಸ್ಟರ್ ಬಂದದ್ದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 1987ರಲ್ಲಿ ಒಪ್ಪಿದ ಎ.601(15) ನಿರ್ಣಯದಿಂದ. ಅದರಲ್ಲಿ ವೇಗಕ್ಕೆ ತಕ್ಕಂತೆ ಅಂದಾಜು ಸ್ಕ್ವಾಟ್ ಕೊಟ್ಟಿರುತ್ತಾರೆ. ಉತ್ತರ ಬೇರೆಯಾದಾಗ ತಪ್ಪು ಹುಡುಕುವ ಕ್ರಮ ಹೇಳುತ್ತೇನೆ.

ಮೊದಲು ವೇಗ. ಸೂತ್ರಕ್ಕೆ ಬೇಕಾದ್ದು ನೀರಿನೊಳಗಿನ ವೇಗ, ಜಿಪಿಎಸ್ ವೇಗ ಅಲ್ಲ. 3 ನಾಟ್ ಸೆಳೆತ ಎದುರಿನಿಂದ ಬರುತ್ತಿದೆ, ಜಿಪಿಎಸ್ 7 ತೋರಿಸುತ್ತಿದೆ. ನೀರಿನೊಳಗೆ ನೀವು 10 ನಾಟ್ ಹೋಗುತ್ತಿದ್ದೀರಿ. 7 ಹಾಕಿದರೆ 0.41, 10 ಹಾಕಿದರೆ 0.84. ಉತ್ತರ ಎರಡರಷ್ಟಾಯಿತು. ನದಿ ಬಂದರುಗಳಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ ತಪ್ಪು ಇದು.

ಆಮೇಲೆ ಕಾಲುವೆಯ ಅಗಲ. "ತೆರೆದ ನೀರು", "ಇಕ್ಕಟ್ಟು" ಎಂಬ ಎರಡೇ ಬಗೆ ನಿಜ ಜೀವನದಲ್ಲಿ ಇಲ್ಲ, ನಡುವೆ ಬೇಕಾದಷ್ಟಿದೆ. ಬರಾಸ್‌ನ ವಿವರವಾದ ಸೂತ್ರದಲ್ಲಿ ಹಡಗಿನ ಅಡ್ಡ ವಿಸ್ತೀರ್ಣವನ್ನು ಕಾಲುವೆಯ ಅಡ್ಡ ವಿಸ್ತೀರ್ಣದಿಂದ ಭಾಗಿಸುತ್ತಾರೆ. ಆ ಅನುಪಾತವನ್ನು 0.81ನೇ ಘಾತಕ್ಕೆ, ವೇಗವನ್ನು 2.08ನೇ ಘಾತಕ್ಕೆ ಏರಿಸಿ, ಕೋಎಫಿಶಿಯಂಟ್‌ನಿಂದ ಗುಣಿಸಿ, 20ರಿಂದ ಭಾಗಿಸಬೇಕು. ನಮ್ಮ ಹಡಗು 14 ಮೀಟರ್ ಆಳ, 245 ಮೀಟರ್ ಅಗಲದ ಕಾಲುವೆಯಲ್ಲಿ 10 ನಾಟ್ ಹೋದರೆ 0.86 ಮೀಟರ್ ಬರುತ್ತದೆ. ತೆರೆದ ನೀರಿನ ಉತ್ತರಕ್ಕೆ ಹತ್ತಿರವೇ. ಅಗಲ 150 ಮೀಟರ್ ಆದರೆ 1.28. ಹಾಗಾಗಿ ಎಲ್ಲ ಕಾಲುವೆಗೂ ಕಣ್ಣು ಮುಚ್ಚಿ ಎರಡರಷ್ಟು ಹಾಕುವುದು ಸುರಕ್ಷಿತ, ಆದರೆ ನಿಖರವಲ್ಲ. ಸಂದೇಹ ಬಂದರೆ ದೊಡ್ಡ ಸಂಖ್ಯೆಯನ್ನೇ ಇಟ್ಟುಕೊಳ್ಳಿ.

ಎದುರಿನಿಂದ ಇನ್ನೊಂದು ಹಡಗು ಬರುತ್ತಿದೆಯೇ? ಎರಡು ಹಡಗು ಹತ್ತಿರದಲ್ಲಿ ಹಾದುಹೋಗುವಾಗ ಸ್ಕ್ವಾಟ್ ಎರಡರಷ್ಟು ಆಗಬಹುದು. ಹೆಚ್ಚಿನ ಸೂತ್ರಗಳು ಹಡಗು ಒಂಟಿಯಾಗಿದೆ ಎಂದು ಭಾವಿಸಿಕೊಂಡಿರುತ್ತವೆ.

ಕೊನೆಗೆ ಸೂತ್ರದ ಮಿತಿ. ಹಡಗಿನ ವೇಗವನ್ನು, ಆ ಆಳದಲ್ಲಿ ಅಲೆ ಓಡಬಲ್ಲ ಗರಿಷ್ಠ ವೇಗದಿಂದ ಭಾಗಿಸಿದರೆ ಫ್ರೂಡ್ ಸಂಖ್ಯೆ ಬರುತ್ತದೆ. 14 ಮೀಟರ್ ನೀರಿನಲ್ಲಿ 10 ನಾಟ್‌ಗೆ ಅದು 0.44, 16 ನಾಟ್‌ಗೆ 0.7. ಆಸ್ಟ್ರೇಲಿಯಾದ ಗಣಿತಜ್ಞ ಅರ್ನಿ ಟಕ್ 1966ರಲ್ಲಿ ಕೊಟ್ಟ ಸಿದ್ಧಾಂತದಲ್ಲಿ ಈ ಸಂಖ್ಯೆ 1ಕ್ಕೆ ಹತ್ತಿರವಾದಂತೆ ಸ್ಕ್ವಾಟ್ ಮಿತಿಮೀರಿ ಏರುತ್ತದೆ. 0.7 ದಾಟಿದ ಮೇಲೆ ಯಾವ ಸರಳ ಸೂತ್ರವನ್ನೂ ನಂಬಬೇಡಿ. ಬಂದರು ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಘಟನೆ ಪಿಯಾಂಕ್ 2014ರ ಮಾರ್ಗದರ್ಶಿಯಲ್ಲಿ ಹಲವು ಸೂತ್ರಗಳನ್ನು ಕೊಡುವಾಗ ಪ್ರತಿಯೊಂದರ ಮಿತಿಯನ್ನೂ ಹೇಳುತ್ತದೆ.

ಇಷ್ಟಾದರೂ ತಾಳೆಯಾಗದಿದ್ದರೆ ಅಳೆಯುವುದೇ ದಾರಿ. ಮೂತಿಯಲ್ಲಿ ಒಂದು, ಬ್ರಿಡ್ಜ್‌ನ ಎರಡು ರೆಕ್ಕೆಗಳಲ್ಲಿ ಒಂದೊಂದು ನಿಖರ ಜಿಪಿಎಸ್ ಇಟ್ಟು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಇದು ತಜ್ಞರ ಕೆಲಸ, ಖರ್ಚೂ ಇದೆ. ಆಸ್ಟ್ರೇಲಿಯಾದ ಹೇ ಪಾಯಿಂಟ್ ಬಂದರಿನಲ್ಲಿ 1993ರಿಂದಲೇ ಅಲೆ, ಭರತ, ಸ್ಕ್ವಾಟ್ ಎಲ್ಲ ಸೇರಿಸಿ ಪ್ರತಿ ಹಡಗಿಗೂ ಕೆಳಗಿನ ನೀರನ್ನು ಲೆಕ್ಕ ಹಾಕುವ ವ್ಯವಸ್ಥೆ ಬಂದಿತ್ತು.

ಲೆಕ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಚಾರ್ಟ್ ಎಷ್ಟು ಹಳೆಯದು?

1992ರ ಆಗಸ್ಟ್ 7ರ ರಾತ್ರಿ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ, ಕಟ್ಟಿಹಂಕ್ ದ್ವೀಪದ ಹತ್ತಿರ, ಕ್ವೀನ್ ಎಲಿಜಬೆತ್ 2 ಪ್ರಯಾಣಿಕ ಹಡಗು ಬಂಡೆಗೆ ತಾಗಿತು. ವೇಗ 25 ನಾಟ್ ಆಸುಪಾಸು. ಡ್ರಾಫ್ಟ್ ಸುಮಾರು 32 ಅಡಿ, ಚಾರ್ಟ್‌ನಲ್ಲಿ ಬರೆದ ಆಳ 39 ಅಡಿ. ಕಾಗದದ ಮೇಲೆ ಏಳು ಅಡಿ ಉಳಿತಾಯ ಇತ್ತು. ಆ ಜಾಗದ ಸಮೀಕ್ಷೆ 1939ರದ್ದು, ಬಂಡೆಗಳು ಅದರಲ್ಲಿ ಇರಲಿಲ್ಲ. ಅಷ್ಟು ವೇಗದಲ್ಲಿ ಹಡಗು ಅಡಿಗಟ್ಟಲೆ ಕೆಳಗಿಳಿದಿತ್ತು. ವೇಗ ಮತ್ತು ಆಳ ಸೇರಿ ಕೆಳಗಿನ ನೀರನ್ನು ಹೇಗೆ ತಿನ್ನುತ್ತವೆ ಎಂಬ ಮಾಹಿತಿ ಹಡಗಿನಲ್ಲಿ ಸಾಕಷ್ಟು ಇರಲಿಲ್ಲ ಎಂದು ತನಿಖೆ ಹೇಳಿತು. ಎರಡು ತಪ್ಪು ಅಂದಾಜುಗಳು ಒಂದೇ ದಿಕ್ಕಿನಲ್ಲಿ ಕೂಡಿಕೊಂಡವು.

ಇಂದಿನ ಎಲೆಕ್ಟ್ರಾನಿಕ್ ಚಾರ್ಟ್‌ನಲ್ಲಿ ಸಮೀಕ್ಷೆ ಎಷ್ಟು ನಂಬಲರ್ಹ ಎಂಬ ಗುರುತು ಇರುತ್ತದೆ. ಎ1 ವರ್ಗದಲ್ಲಿ ಆಳದ ತಪ್ಪು ಅರ್ಧ ಮೀಟರ್ ಮತ್ತು ಆಳದ ಶೇ. 1 ಸೇರಿ ಎಷ್ಟೋ ಅಷ್ಟು. 14 ಮೀಟರ್‌ಗೆ 0.64. ಬಿ ವರ್ಗದಲ್ಲಿ ಒಂದು ಮೀಟರ್ ಮತ್ತು ಶೇ. 2, ಅಂದರೆ 14 ಮೀಟರ್‌ಗೆ 1.28. ನಮ್ಮ ಹಡಗಿನ 10 ನಾಟ್ ಸ್ಕ್ವಾಟ್‌ಗಿಂತ ಅದೇ ದೊಡ್ಡದು. ಸ್ಕ್ವಾಟ್ ಅನ್ನು ಎರಡನೇ ದಶಾಂಶದವರೆಗೆ ಲೆಕ್ಕ ಹಾಕಿ ಈ ಗುರುತನ್ನು ನೋಡದೆ ಬಿಟ್ಟರೆ ಪಟ್ಟ ಶ್ರಮವೆಲ್ಲ ದಂಡ.

ಎಲ್ಲಿ ನಿಲ್ಲಿಸಬೇಕು, ಯಾರಿಗೆ ಹೇಳಬೇಕು

ಕೆಳಗಿನ ನೀರು ಕಂಪನಿ ಅಥವಾ ಬಂದರು ಹೇಳಿದ ಕನಿಷ್ಠಕ್ಕಿಂತ ಕಡಿಮೆ ಆಯಿತೇ? ಹುಡುಕಾಟ ಬಿಡಿ. ವೇಗ ಇಳಿಸಲು ಹೇಳಿ, ಕ್ಯಾಪ್ಟನ್‌ನ್ನು ಕರೆಯಿರಿ. "ಸರ್, ಕೆಳಗಿನ ನೀರು ಲೆಕ್ಕಕ್ಕಿಂತ ಅರ್ಧ ಮೀಟರ್ ಕಡಿಮೆ ಇದೆ, ವೇಗ ಇಳಿಸಬೇಕು" ಎಂದು ನೇರವಾಗಿ ಹೇಳಿ. ಪೈಲಟ್ ಇದ್ದಾರೆ, ಅವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಿರಬೇಡಿ. ನಿಮ್ಮ ಹಡಗಿನ ಕೋಎಫಿಶಿಯಂಟ್ ಅವರಿಗೆ ಗೊತ್ತಿರಬೇಕೆಂದಿಲ್ಲ.

ವೇಗ ಇಳಿಸುವಾಗ ಹಂತಹಂತವಾಗಿ ಇಳಿಸಿ. ಒಮ್ಮೆಗೇ ಎಂಜಿನ್ ನಿಲ್ಲಿಸಿದರೆ ಹಿಂದಿನಿಂದ ಬರುತ್ತಿರುವ ಅಲೆ ಹಿಂಬದಿಯನ್ನು ಹಿಡಿದು ಹಡಗನ್ನು ಅಡ್ಡ ತಿರುಗಿಸಬಹುದು. ಜೋರಾಗಿ ಹಿಂದಕ್ಕೆ ಎಂಜಿನ್ ಕೊಟ್ಟರೂ ಮೂತಿ ಪಕ್ಕಕ್ಕೆ ಹೋಗುತ್ತದೆ. ತುಂಬಿದ ಹಡಗು ನಿಧಾನವಾಗಲು ಬಹಳ ದೂರ ಬೇಕು. ಹಾಗಾಗಿ ಕಡಿಮೆ ಆಳ ಶುರುವಾಗುವ ಜಾಗಕ್ಕಿಂತ ಎಷ್ಟು ಮೊದಲು ಇಳಿಸಬೇಕು ಎಂಬುದನ್ನು ಪ್ಯಾಸೇಜ್ ಪ್ಲಾನ್‌ನಲ್ಲೇ (ಹೊರಡುವ ಮೊದಲು ಮಾಡುವ ಪ್ರಯಾಣದ ಯೋಜನೆ) ಗುರುತು ಹಾಕಿಡಿ. ಇದಕ್ಕಿಂತ ಮುಂದೆ ಹೋದರೆ ವಾಪಸ್ ಬರಲಾಗದು ಎನ್ನುವ ಜಾಗವನ್ನೂ ಗುರುತಿಸಿ. ಅನುಮಾನ ಇದ್ದರೆ ಅಲ್ಲಿಗಿಂತ ಮೊದಲೇ ನಿಲ್ಲಿಸಿ, ಮುಂದಿನ ಭರತಕ್ಕೆ ಕಾಯಿರಿ. ಮೂತಿಯಲ್ಲಿ ಲಂಗರು ಬಿಡಲು ಜನ ಸಿದ್ಧವಾಗಿರಲಿ.

ತಳ ತಾಗಿದೆ ಎನಿಸಿದರೆ ಎಂಜಿನ್ ನಿಲ್ಲಿಸಿ. ಕೂಡಲೇ ಪೂರ್ತಿ ಹಿಂದಕ್ಕೆ ಕೊಡಬೇಡಿ. ಹರಿದ ತಳ ಇನ್ನಷ್ಟು ಹರಿಯಬಹುದು, ಕೆಸರು ಎಂಜಿನ್‌ಗೆ ನುಗ್ಗಬಹುದು. ಅಲಾರಂ ಹೊಡೆಯಿರಿ, ನೀರು ನುಗ್ಗದ ಬಾಗಿಲುಗಳನ್ನು ಮುಚ್ಚಿ, ಎಲ್ಲ ಟ್ಯಾಂಕ್ ಮತ್ತು ಬಿಲ್ಜ್‌ಗಳ (ತಳದಲ್ಲಿ ನೀರು ಸೇರುವ ಜಾಗ) ಮಟ್ಟ ಅಳೆಯಿರಿ, ಹಡಗಿನ ಸುತ್ತ ಆಳ ನೋಡಿ, ನೀರಿನ ಮೇಲೆ ಎಣ್ಣೆ ಕಾಣುತ್ತದೆಯೇ ನೋಡಿ. ಬಂದರು ಕಂಟ್ರೋಲ್‌ಗೆ, ಕಂಪನಿಗೆ ತಿಳಿಸಿ, ಟಗ್ ಕೇಳಿ. ಹಡಗು ತಾನಾಗಿ ತೇಲಿ ಮುಂದೆ ಹೋದರೂ ಕ್ಲಾಸ್ ಸರ್ವೇಯರ್ (ಹಡಗಿನ ಸುಸ್ಥಿತಿ ಪರೀಕ್ಷಿಸುವ ಸಂಸ್ಥೆಯ ತಜ್ಞ) ತಳ ನೋಡುವ ತನಕ ಅದು ತಾಗಿದ ಹಡಗೇ. ಆ ಹೊತ್ತಿನ ವೇಗ, ಆರ್‌ಪಿಎಂ, ಸೌಂಡರ್ ಸಂಖ್ಯೆ, ಭರತದ ಮಟ್ಟ ಎಲ್ಲವನ್ನೂ ಸಮಯ ಸಮೇತ ಬರೆದಿಡಿ, ವಾಯೇಜ್ ಡೇಟಾ ರೆಕಾರ್ಡರ್‌ನ (ಹಡಗಿನ ಬ್ಲ್ಯಾಕ್ ಬಾಕ್ಸ್) ಸೇವ್ ಬಟನ್ ಒತ್ತಿ.